ಭತ್ತದ ಹುಲ್ಲು ಗದ್ದೆಗೆ ಸೇರಿಸಿದ ಮೇಲೆ ಪೈರು ಹಳದಿ ಆಗಿದ್ದೇಕೆ?

ಪ್ರಶ್ನೆ: ಕೊಡಗಿನ ನಾಪೋಕ್ಲು ಕಡೆ ನಮಗೆ ಎರಡೂವರೆ ಎಕರೆ ಗದ್ದೆ ಇದೆ. ಮೇಲೆ ಕಾಫಿ ತೋಟ, ಕೆಳಗೆ ಗದ್ದೆ. ಮನೆಯಲ್ಲಿ ಈಗ ಇರುವುದು ಒಂದೇ ಹಸು. ಕಳೆದ ಸಲ ಮಿಷನ್‌ನಲ್ಲಿ ಕೊಯ್ಯಿಸಿದ್ದರಿಂದ ಹುಲ್ಲೆಲ್ಲ ಗದ್ದೆಯಲ್ಲೇ ಉಳಿಯಿತು. ಜೂನ್ ಕೊನೆಗೆ ನೀರು ಕಟ್ಟಿ, ಟಿಲ್ಲರ್ ಹೊಡೆಸಿ, ಹುಲ್ಲನ್ನು ಕೆಸರಿಗೆ ಸೇರಿಸಿದೆ. ಅಂಗಡಿಯಲ್ಲಿ ಹೇಳಿದ ಹಾಗೆ ಅಜೋಸ್ಪಿರಿಲಂ (ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ) ಮತ್ತು ರಂಜಕ ಕರಗಿಸುವ ಬ್ಯಾಕ್ಟೀರಿಯಾ ಎಕರೆಗೆ ಒಂದೊಂದು ಕೆಜಿ ಎರಚಿದೆ. ಜುಲೈ ಮಧ್ಯದಲ್ಲಿ ನಾಟಿ ಆಯಿತು. ಆಮೇಲೆ ಮೂರು ವಾರ ಪೈರು ಹಳದಿ. ಕಾಲಿಟ್ಟರೆ ಗುಳ್ಳೆ, ಕೊಳೆತ ಮೊಟ್ಟೆಯ ವಾಸನೆ. ತೀರಾ ಕೆಳಗಿನ ಮಡಿಯಲ್ಲಿ ಎಲೆ ತುದಿ ಕೆಂಪಗಾಗಿ ನೀರಿನ ಮೇಲೆ ಎಣ್ಣೆಯಂಥ ಪೊರೆ ಕಂಡಿತು. ಆಗಸ್ಟ್ ಕೊನೆಗೆ ಮೇಲಿನ ಮಡಿಗಳು ಸುಧಾರಿಸಿದವು. ಬ್ಯಾಕ್ಟೀರಿಯಾ ಕೆಲಸ ಮಾಡಲಿಲ್ಲವೇ? ಹುತ್ತರಿ (ನಮ್ಮ ಸುಗ್ಗಿ ಹಬ್ಬ) ಆದ ಮೇಲೆ ಮತ್ತೆ ಮಿಷನ್ ಬರುತ್ತದೆ. ಈ ಸಲ ಹುಲ್ಲು ಸುಟ್ಟುಬಿಡಲೇ, ಶುಂಠಿ ಬೆಳೆಯುವವರಿಗೆ ಮಾರಲೇ?

ಉತ್ತರ: ಬ್ಯಾಕ್ಟೀರಿಯಾ ಕೆಲಸ ಮಾಡಿದೆ. ಜೋರಾಗಿಯೇ ಮಾಡಿದೆ. ಆದರೆ ಅದು ನೀವು ದುಡ್ಡು ಕೊಟ್ಟು ತಂದದ್ದಲ್ಲ, ಗದ್ದೆಯಲ್ಲಿ ಮೊದಲಿಂದಲೂ ಇದ್ದದ್ದು. ಪೈರು ಹಳದಿ ಆಗಿದ್ದೂ ಅದರಿಂದಲೇ. ಹುಲ್ಲನ್ನು ಮಣ್ಣಿಗೆ ಸೇರಿಸಬೇಕು ಅಂದುಕೊಂಡಿರಲ್ಲ, ಅದು ಸರಿ. ಹೊತ್ತು ಮಾತ್ರ ಸರಿಯಿರಲಿಲ್ಲ. ಜನವರಿಯಲ್ಲಿ ಮಣ್ಣಿಗೆ ಹೋಗಬೇಕಾಗಿದ್ದ ಹುಲ್ಲು ಜೂನ್ ಕೊನೆಗೆ ನೀರಿನಡಿ ಹೋಯಿತು.

ಭತ್ತದ ಹುಲ್ಲಿನಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಡಿಮೆ. ಒಂದು ಪಾಲು ಸಾರಜನಕಕ್ಕೆ 60ರಿಂದ 80 ಪಾಲು ಇಂಗಾಲ ಇರುತ್ತದೆ. ಹುಲ್ಲು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಆರಾಮಾಗಿ ಬೇಕಾಗಿರುವುದು ಒಂದಕ್ಕೆ 20-25ರ ಹದ. ಕಡಿಮೆ ಬಿದ್ದ ಸಾರಜನಕವನ್ನು ಅವು ಮಣ್ಣಿನಿಂದ ಎಳೆದುಕೊಳ್ಳುತ್ತವೆ. ನೀವು ಹಾಕಿದ ಯೂರಿಯಾಕ್ಕೂ ಕೈ ಹಾಕುತ್ತವೆ. ಆಗಷ್ಟೇ ನಾಟಿ ಮಾಡಿದ ಅಗೆಗೆ ಬೇರು ಇನ್ನೂ ಹಿಡಿದಿರುವುದಿಲ್ಲ, ಅದು ಇವುಗಳ ಮುಂದೆ ಗೆಲ್ಲುವುದು ಎಲ್ಲಿಂದ? ಕೆಲವು ವಾರ ಕಳೆದ ಮೇಲೆ ಹುಲ್ಲಿನ ಮೆತ್ತನೆ ಭಾಗ ಮುಗಿಯುತ್ತದೆ. ಜೀವಿಗಳು ಸಾಯುತ್ತವೆ, ಅವು ಹಿಡಿದಿಟ್ಟ ಸಾರಜನಕ ಮತ್ತೆ ಮಣ್ಣಿಗೆ ಬರುತ್ತದೆ. ಆಗಸ್ಟ್ ಕೊನೆಗೆ ಪೈರು ತಾನಾಗಿ ಹಸಿರಾಯಿತು ಅಂದಿರಲ್ಲ, ಕಾರಣ ಇದೇ. ಆದರೆ ಅಷ್ಟರಲ್ಲಿ ತೆಂಡೆ (ಬುಡದಿಂದ ಬರುವ ಹೊಸ ಕವಲು) ಒಡೆಯುವ ಹೊತ್ತು ಅರ್ಧ ಕಳೆದಿತ್ತು. ನಷ್ಟ ಆಗುವುದು ಅಲ್ಲೇ.

ಇನ್ನು ಗುಳ್ಳೆ ಮತ್ತು ವಾಸನೆ. ನೀರು ಕಟ್ಟಿದ ಮಣ್ಣಿನಲ್ಲಿ ಒಂದೆರಡು ದಿನದಲ್ಲೇ ಗಾಳಿ ಮುಗಿಯುತ್ತದೆ. ಗಾಳಿ ಇಲ್ಲದಾಗ ಸೂಕ್ಷ್ಮಜೀವಿಗಳು ಉಸಿರಾಟಕ್ಕೆ ಬೇರೆ ದಾರಿ ಹುಡುಕುತ್ತವೆ. ಮೊದಲು ನೈಟ್ರೇಟ್, ಆಮೇಲೆ ಮ್ಯಾಂಗನೀಸ್, ಕಬ್ಬಿಣ, ಅದರ ನಂತರ ಗಂಧಕ. ಎಲ್ಲ ತೀರಿದ ಮೇಲೆ ಮೀಥೇನ್. ಗದ್ದೆಗಳಲ್ಲಿ ಇದು ಪ್ರತಿ ವರ್ಷ ನಡೆಯುವುದೇ. ಆದರೆ ಹಸಿ (ಇನ್ನೂ ಕೊಳೆಯದ) ಹುಲ್ಲು ಸೇರಿದರೆ ತಿಂಗಳಲ್ಲಿ ಆಗುವುದು ವಾರದಲ್ಲಿ ಆಗುತ್ತದೆ. ಕಾಲಿಟ್ಟಾಗ ಎದ್ದ ಗುಳ್ಳೆ ಬಹುಪಾಲು ಮೀಥೇನ್. (ಅದನ್ನು ಮಾಡುವ ಜೀವಿಗಳು ಬ್ಯಾಕ್ಟೀರಿಯಾ ಗುಂಪಿಗೂ ಸೇರಿದವಲ್ಲ, ಆರ್ಕಿಯಾ ಅನ್ನುವ ಬೇರೆಯೇ ವಂಶ.) ಮೊಟ್ಟೆ ವಾಸನೆ ಹೈಡ್ರೋಜನ್ ಸಲ್ಫೈಡ್‌ನದ್ದು. ಇವುಗಳ ಜೊತೆ ಅಸಿಟಿಕ್ ಆಮ್ಲದಂಥವೂ ಕೆಸರಲ್ಲಿ ಸೇರಿಕೊಂಡು ಎಳೆ ಬೇರನ್ನು ಸುಡುತ್ತವೆ.

ಮುಂದಿನ ಸಲ ಅನುಮಾನ ಬಂದರೆ ನಾಟಿ ಆದ ಎರಡು ವಾರಕ್ಕೆ ಒಂದು ಬುಡ ಕಿತ್ತು, ಹರಿಯುವ ನೀರಲ್ಲಿ ಬೇರು ತೊಳೆದು ನೋಡಿ. ಹೊಸ ಬೇರು ಬಿಳಿ ಇದ್ದರೆ ಚಿಂತೆ ಇಲ್ಲ. ಹಳೆ ಬೇರಿಗೆ ತುಕ್ಕಿನ ಬಣ್ಣ ಹಿಡಿದಿದ್ದರೂ ಹೆದರಬೇಡಿ. ಭತ್ತದ ಬೇರು ಎಲೆಯಿಂದ ಇಳಿದ ಗಾಳಿಯನ್ನು ಸ್ವಲ್ಪ ಹೊರಗೆ ಬಿಡುತ್ತದೆ, ಅದಕ್ಕೆ ಸುತ್ತಲಿನ ಕಬ್ಬಿಣ ತುಕ್ಕಾಗಿ ಕೂರುತ್ತದೆ. ಬೇರು ಕಪ್ಪಾಗಿ, ಚಿವುಟಿದರೆ ಮೆತ್ತಗೆ ಸಿಪ್ಪೆ ಬಿಟ್ಟು, ಮೂಗಿಗೆ ಮೊಟ್ಟೆ ವಾಸನೆ ಹೊಡೆದರೆ ಮಾತ್ರ ತೊಂದರೆ. ಆಗ ಯೂರಿಯಾ ಚೀಲ ಹುಡುಕಬೇಡಿ. ಬದು ಕಡಿದು ನೀರು ಬಿಡಿ. ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಎರಡು ಮೂರು ದಿನ ಮಣ್ಣಿಗೆ ಗಾಳಿ ತಾಗಿದರೂ ಸಾಕು, ಬಿಳಿ ಬೇರು ಮತ್ತೆ ಬರುತ್ತದೆ. ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆಯಲ್ಲಿ ಗದ್ದೆ ಒಣಗಿಸುವುದು ಹೇಗೆ ಅಂತ ನೀವು ನಗಬಹುದು. ಒಣಗಿಸಬೇಕಾಗಿಲ್ಲ. ನಿಂತ ನೀರು ಇಳಿದು ಮಣ್ಣು ಕಂಡರೆ ಸಾಕು.

ನಿಮ್ಮ ಕೆಳಗಿನ ಮಡಿಯ ಕಥೆ ಬೇರೆ. ಅದನ್ನು ಹುಲ್ಲಿನ ತಲೆಗೆ ಪೂರ್ತಿ ಕಟ್ಟುವುದು ಸರಿಯಲ್ಲ. ಅಲ್ಲಿ ಕಬ್ಬಿಣದ ನಂಜು ಆಗಿದೆ. ನಮ್ಮ ಗುಡ್ಡದ ಕೆಂಪು ಮಣ್ಣಲ್ಲಿ ಕಬ್ಬಿಣ ಹೇರಳ. ಮಳೆ ನೀರು ತೋಟದ ಇಳಿಜಾರಿನಲ್ಲಿ ಇಂಗಿ, ಮಣ್ಣಿನೊಳಗೆ ಹರಿದು, ಕಣಿವೆಯ ತಳದ ಮಡಿಯಲ್ಲಿ ಒಸರುತ್ತದೆ. ಬರುವಾಗ ಕರಗಿದ ಕಬ್ಬಿಣವನ್ನೂ ಹೊತ್ತು ತರುತ್ತದೆ. ಹಳೆ ಎಲೆಗಳ ತುದಿಯಿಂದ ಸಣ್ಣ ಕಂದು ಚುಕ್ಕೆ ಶುರುವಾಗಿ ಎಲೆಯೇ ಕೆಂಪಾಗುವುದು ಇದರ ಗುರುತು. ನೀರಿನ ಮೇಲಿನ ಪೊರೆಯನ್ನು ಒಂದು ಕಡ್ಡಿಯಿಂದ ಮುಟ್ಟಿ ನೋಡಿ. ಟಿಲ್ಲರ್‌ನಿಂದ ಸೋರಿದ ಡೀಸೆಲ್ ಆದರೆ ಕಡ್ಡಿ ತೆಗೆದ ಕೂಡಲೇ ಮತ್ತೆ ಕೂಡಿಕೊಳ್ಳುತ್ತದೆ. ಕಬ್ಬಿಣದ ಪೊರೆಯಾದರೆ ಚೂರು ಚೂರಾಗಿ ಒಡೆದು ಹಾಗೇ ದೂರ ನಿಲ್ಲುತ್ತದೆ. ಕಬ್ಬಿಣವನ್ನು ತುಕ್ಕು ಮಾಡುವ ಬ್ಯಾಕ್ಟೀರಿಯಾಗಳ ಕೈವಾಡವೂ ಆ ಪೊರೆಯಲ್ಲಿದೆ. ಒಸರಿನ ಕಾಲುವೆಯಲ್ಲಿ ಕಿತ್ತಳೆ ಬಣ್ಣದ ಲೋಳೆ ಕೂರುತ್ತದಲ್ಲ, ಅದೂ ಅವುಗಳದ್ದೇ.

ಇಂಥ ಮಡಿಗೆ ಹಸಿ ಹುಲ್ಲು ಹಾಕಿದರೆ ಕಬ್ಬಿಣ ಇನ್ನಷ್ಟು ಕರಗುತ್ತದೆ. ಹಾಗಾಗಿ ಆ ಮಡಿಗೆ ಹುಲ್ಲು ಬೇಡವೇ ಬೇಡ. ಅಲ್ಲಿನ ಹುಲ್ಲು ಎತ್ತಿ ಮೇಲಿನ ಮಡಿಗೆ ಹಾಕಿ, ಇಲ್ಲವೇ ಗುಂಡಿಯಲ್ಲಿ ಕೊಳೆಸಿ. ಮೊದಲ ಕೆಲಸ ಅಂದರೆ ಗುಡ್ಡದ ಕಡೆಯ ಬದುವಿನ ಬುಡಕ್ಕೆ ಒಂದು ಬಸಿಗಾಲುವೆ. ಒಸರು ನೀರು ಮಡಿಗೆ ಇಳಿಯುವ ಮೊದಲೇ ಪಕ್ಕಕ್ಕೆ ಹೋಗಬೇಕು. ಪೊಟ್ಯಾಷ್ ಕೊರತೆ ಇದ್ದರೆ ಈ ನಂಜು ಇನ್ನೂ ಜೋರು, ಅದನ್ನೂ ನೋಡಿಕೊಳ್ಳಿ. ಯಾವ ಪೊಟ್ಟಣವೂ ಈ ಕಾಲುವೆಯ ಕೆಲಸ ಮಾಡಲ್ಲ.

ಹಾಗಾದರೆ ಹುಲ್ಲಿನ ಸಹವಾಸವೇ ಬೇಡ, ಸುಟ್ಟುಬಿಡೋಣ ಅಂದರೆ? ಸ್ವಲ್ಪ ಲೆಕ್ಕ ನೋಡಿ. ಎಕರೆಗೆ 18-20 ಕ್ವಿಂಟಾಲ್ ಭತ್ತ ಬಂದರೆ ಹುಲ್ಲು ಹತ್ತಿರ ಹತ್ತಿರ ಎರಡು ಟನ್ ಇರುತ್ತದೆ. ಭತ್ತದ ಗಿಡ ಮಣ್ಣಿನಿಂದ ಎತ್ತಿದ ಪೊಟ್ಯಾಷ್‌ನಲ್ಲಿ ಶೇಕಡ 80ಕ್ಕೂ ಹೆಚ್ಚು ಉಳಿಯುವುದು ಹುಲ್ಲಿನಲ್ಲಿ, ಕಾಳಿನಲ್ಲಲ್ಲ. ಎರಡು ಟನ್ ಹುಲ್ಲಿನಲ್ಲಿ ಸುಮಾರು 30 ಕೆಜಿ ಪೊಟ್ಯಾಷ್. ಅಂಗಡಿಯ ಎಂಒಪಿ (ಪೊಟ್ಯಾಷ್ ಗೊಬ್ಬರ) ಚೀಲ 50 ಕೆಜಿಯದ್ದು, ಅದರಲ್ಲಿರುವ ಪೊಟ್ಯಾಷ್ ಕೂಡ 30 ಕೆಜಿಯೇ. ಅಂದರೆ ಎಕರೆಯ ಹುಲ್ಲು ಹೊರಗೆ ಹೋದರೆ ಒಂದು ಚೀಲ ಪೊಟ್ಯಾಷ್ ಹೊರಗೆ ಹೋದ ಹಾಗೆ. ಜೊತೆಗೆ ಹತ್ತು ಹನ್ನೆರಡು ಕೆಜಿ ಸಾರಜನಕ. ಸುಟ್ಟರೆ ಈ ಸಾರಜನಕ ಬಹುಪಾಲು ಪೂರ್ತಿ ಗಾಳಿಗೆ. ಪೊಟ್ಯಾಷ್ ಬೂದಿಯಲ್ಲಿ ಉಳಿದರೂ ಮೊದಲ ಮಳೆಗೆ ತೊಳೆದು ಹಳ್ಳ ಸೇರುತ್ತದೆ. ನಮ್ಮ ಕಡೆ ಮಳೆ ಹೇಗೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಇನ್ನೊಂದು ಸಿಲಿಕಾನ್. ಹುಲ್ಲಿನ ಎಲೆ ಕೈ ಕೊಯ್ಯುತ್ತದಲ್ಲ, ಆ ಗರಗಸ ಅದರದ್ದೇ. ಹುಲ್ಲಿನ ತೂಕದ ಶೇಕಡ 4ರಿಂದ 7ರಷ್ಟು ಸಿಲಿಕಾನ್. ಅದು ಚೆನ್ನಾಗಿ ಸಿಕ್ಕಿದ ಪೈರಿಗೆ ಬೆಂಕಿ ರೋಗ (ಬ್ಲಾಸ್ಟ್ ಅನ್ನುವ ಶಿಲೀಂಧ್ರ ರೋಗ) ಕಡಿಮೆ. ನಮ್ಮ ಮಲೆನಾಡಿನ ಭತ್ತಕ್ಕೆ ಮೊದಲ ಶತ್ರು ಯಾವುದು ಅಂದರೆ ಬೆಂಕಿ ರೋಗವೇ, ಅದರಲ್ಲೂ ಕುತ್ತಿಗೆಗೆ ಬಂದರೆ ತೆನೆಯೇ ಜೊಳ್ಳು. ಸಿಲಿಕಾನ್ ಗೊಬ್ಬರ ಅಂತ ದುಬಾರಿ ಬಾಟಲಿ ಮಾರುತ್ತಾರೆ. ಹುಲ್ಲಲ್ಲಿ ಅದು ಸುಮ್ನೆ ಸಿಗುತ್ತದೆ.

ಹಿಂದೆ ಹುಲ್ಲು ಬಣವೆಗೆ ಹೋಗುತ್ತಿತ್ತು, ಬಣವೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೊಬ್ಬರವಾಗಿ ಗದ್ದೆಗೆ. ಈಗ ದನ ಇರುವ ಮನೆಯಲ್ಲೂ ಆ ಸುತ್ತು ಮುರಿದಿದೆ. ಗದ್ದೆಯ ಹುಲ್ಲು ತಿಂದ ದನದ ಸಗಣಿ ಕಾಫಿಗೆ, ಕಾಳುಮೆಣಸಿಗೆ ಹೋಗುತ್ತದೆ. ಗದ್ದೆಗೆ ಬರುವುದು ಚೀಲದ ಗೊಬ್ಬರ ಮಾತ್ರ. ದುಡ್ಡು ತರುವ ಬೆಳೆಗೆ ಗೊಬ್ಬರ ಹೋಗುವುದು ಸಹಜ, ನಾನು ಬೈಯುವುದಿಲ್ಲ. ಆದರೆ ಗದ್ದೆಯಿಂದ ಬಂದದ್ದರಲ್ಲಿ ಒಂದಿಷ್ಟಾದರೂ ಗದ್ದೆಗೆ ಮರಳಬೇಕು.

ಈಗ ಹೊತ್ತಿನ ವಿಷಯ. ಉತ್ತರ ಭಾರತದವರಿಗೆ ಭತ್ತ ಕೊಯ್ದು ಗೋಧಿ ಬಿತ್ತುವುದಕ್ಕೆ ನಡುವೆ ಸಿಗುವುದು ಎರಡು ಮೂರು ವಾರ. ಅದಕ್ಕೇ ಅವರು ಸುಡುತ್ತಾರೆ. ಆ ಅವಸರಕ್ಕೆಂದೇ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಪೂಸಾ ಡಿಕಂಪೋಸರ್ ಅನ್ನುವ ಕ್ಯಾಪ್ಸೂಲ್ ತಂದಿತು. ನಮಗೆ ಅಂಥ ಅವಸರ ಎಲ್ಲಿದೆ? ಡಿಸೆಂಬರ್ ಕೊನೆಗೆ ಕೊಯ್ಲು, ಮತ್ತೆ ನೀರು ಕಟ್ಟುವುದು ಜೂನ್‌ಗೆ. ನಡುವೆ ಐದು ತಿಂಗಳು ಗದ್ದೆ ಖಾಲಿ. ಗಾಳಿ ಇದೆ, ಬಿಸಿಲಿದೆ, ಕಣಿವೆಯ ಮಣ್ಣಲ್ಲಿ ಜನವರಿವರೆಗೂ ತೇವ ಇದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿಗೆ ಹೂಮಳೆ ಬರುತ್ತದಲ್ಲ, ಅದೇ ಮಳೆ ಗದ್ದೆಯ ಹುಲ್ಲನ್ನೂ ನೆನೆಸುತ್ತದೆ. ಗಾಳಿ ಇರುವ ಒದ್ದೆ ಮಣ್ಣಲ್ಲಿ ಹುಲ್ಲು ಕೊಳೆತರೆ ಮೀಥೇನ್ ಇಲ್ಲ, ಮೊಟ್ಟೆ ವಾಸನೆ ಇಲ್ಲ. ಸಾರಜನಕಕ್ಕೆ ಹೊಡೆದಾಟ ನಡೆದರೂ ಆಗ ಗದ್ದೆಯಲ್ಲಿ ಪೈರೇ ಇರುವುದಿಲ್ಲ. ಅವು ಹೊಡೆದಾಡಿಕೊಳ್ಳಲಿ ಬಿಡಿ.

ಎಲ್ಲರೂ ಹೀಗೆ ಏಕೆ ಮಾಡುವುದಿಲ್ಲ ಅಂದರೆ ಕಾರಣ ಗೊತ್ತಿರುವುದೇ. ಜನವರಿ ಅಂದರೆ ಕಾಫಿ ಕುಯ್ಲು. ಆಳು, ಗಾಡಿ, ಮನೆಯವರ ಗಮನ ಎಲ್ಲ ತೋಟದಲ್ಲಿ, ಕಣದಲ್ಲಿ. ಗದ್ದೆ ಕಡೆ ತಿರುಗಿ ನೋಡುವುದು ಮಳೆ ಹಿಡಿದ ಮೇಲೆ. ಹಾಗಾಗಿ ಬೇರೆ ದಿನ ಇಟ್ಟುಕೊಳ್ಳಬೇಡಿ. ಮಿಷನ್ ಗದ್ದೆಯಿಂದ ಹೊರಗೆ ಹೋದ ಆ ವಾರದಲ್ಲೇ, ತೇವ ಆರುವ ಮೊದಲು ಒಂದು ಸಲ ಟಿಲ್ಲರ್ ಹೊಡೆಸಿಬಿಡಿ. ನಾಲ್ಕು ಇಂಚು ಆಳ ಸಾಕು. ಅದಕ್ಕೆ ಮುಂಚೆ ಮಿಷನ್ ಹಿಂದೆ ಸಾಲಾಗಿ ಬಿದ್ದ ಹುಲ್ಲನ್ನು ಹರಡಿಸಬೇಕು. ಸಾಲಿನಲ್ಲಿ ದಪ್ಪಗೆ ಬಿದ್ದದ್ದು ಹಾಗೇ ಮಣ್ಣಿಗೆ ಹೋದರೆ ಅಲ್ಲಿ ಮಾತ್ರ ಚಾಪೆಯಂತೆ ಉಳಿಯುತ್ತದೆ. ಮುಂದಿನ ವರ್ಷ ನಾಟಿಯಲ್ಲಿ ಅದೇ ಪಟ್ಟೆ ಹಳದಿ ಕಾಣುತ್ತದೆ.

ಹುಲ್ಲು ಹರಡಿದ ಮೇಲೆ, ಟಿಲ್ಲರ್‌ಗೆ ಮೊದಲು, ಸಗಣಿ ಬಗ್ಗಡ ಚಿಮುಕಿಸಿ. ಒಂದೇ ಹಸು ಇದ್ದರೂ ಕೆಲವು ದಿನದ ಸಗಣಿ ಡ್ರಮ್ಮಿನಲ್ಲಿ ಕದಡಿ ಇಟ್ಟುಕೊಂಡರೆ ಆಗುತ್ತದೆ. ಸಗಣಿ ಸಾಲದಿದ್ದರೆ ಎಕರೆಗೆ ಹತ್ತು ಕೆಜಿ ಯೂರಿಯಾ ಎರಚಿ, ಹುಲ್ಲಿನ ಸಾರಜನಕದ ಕೊರತೆ ಸ್ವಲ್ಪ ತುಂಬುತ್ತದೆ. ಸಾವಯವ ಅಂತ ಯೂರಿಯಾ ಮುಟ್ಟದವರು ಹಾಲವಾಣ, ಗ್ಲಿರಿಸಿಡಿಯಾ ಸೊಪ್ಪು ಬೆರೆಸಬಹುದು. ಗಾಜಿಯಾಬಾದ್‌ನ ರಾಷ್ಟ್ರೀಯ ಸಾವಯವ ಮತ್ತು ನೈಸರ್ಗಿಕ ಕೃಷಿ ಕೇಂದ್ರದ ವೇಸ್ಟ್ ಡಿಕಂಪೋಸರ್ ಬಗ್ಗೆಯೂ ಜನ ಕೇಳುತ್ತಾರೆ. 200 ಲೀಟರ್ ನೀರಿಗೆ ಎರಡು ಕೆಜಿ ಬೆಲ್ಲ, ಒಂದು ಸಣ್ಣ ಬಾಟಲಿ, ದಿನಾ ಕಲಕುತ್ತ ಐದಾರು ದಿನ ಬಿಟ್ಟರೆ ಸಿದ್ಧ. ಅಗ್ಗದ್ದು, ಬಳಸಿದರೆ ನಷ್ಟವೇನೂ ಇಲ್ಲ. ಆದರೆ ಒಣ ಹುಲ್ಲಿನ ಮೇಲೆ ಒಣ ಮಣ್ಣಲ್ಲಿ ಚಿಮುಕಿಸಿದರೆ ಎಂಥ ಡಿಕಂಪೋಸರ್ ಕೂಡ ಕೆಲಸ ಮಾಡಲ್ಲ. ತೇವ ಇದ್ದರೆ ಬರೀ ಸಗಣಿ ನೀರೂ ಸಾಕು.

ಹೂಮಳೆ ಆದ ಮೇಲೆ, ಏಪ್ರಿಲ್-ಮೇನಲ್ಲಿ ಇನ್ನೊಂದು ಸಲ ಮೇಲ್ಮೇಲೆ ಉಳುಮೆ ಮಾಡಿಸಿ. ಆಗ ಒಂದು ಹಿಡಿ ಮಣ್ಣು ಎತ್ತಿ ಅದರಲ್ಲಿರುವ ಹುಲ್ಲಿನ ಕಡ್ಡಿಯನ್ನು ಎರಡೂ ಕೈಯಲ್ಲಿ ತಿರುಚಿ ನೋಡಿ. ಕಪ್ಪು-ಕಂದು ಬಣ್ಣಕ್ಕೆ ತಿರುಗಿ ಪುಡಿಯಾಗಿ ತುಂಡಾದರೆ ಕೆಲಸ ಆಗಿದೆ. ಇನ್ನೂ ಹಳದಿ ಇದ್ದು ನಾರಿನಂತೆ ಎಳೆದರೆ ನೀರು ಕಟ್ಟುವುದಕ್ಕೂ ನಾಟಿಗೂ ನಡುವೆ ಕನಿಷ್ಠ ಎರಡು ಮೂರು ವಾರ ಬಿಡಬೇಕು. ನಿಮ್ಮ ಗದ್ದೆಗೆ ಸಿಕ್ಕಿದ್ದು ಅಷ್ಟೇ, ಅದೂ ಒಂದು ಕಡ್ಡಿಯೂ ಕೊಳೆಯದ ಹುಲ್ಲಿಗೆ. ಅದಕ್ಕೆ ಸಾಲಲಿಲ್ಲ.

ಮೇನಲ್ಲಿ ಒಳ್ಳೆ ಮಳೆ ಬಿದ್ದರೆ ಹಸಿರು ಗೊಬ್ಬರಕ್ಕೆ ಡಯಂಚ ಅಥವಾ ಸೆಣಬಿನ ಬೀಜ ಎರಚಬಹುದು. ಆರು ವಾರಕ್ಕೆ ಮಣ್ಣಿಗೆ ಮುರಿದರೆ ಸಾರಜನಕ ಚೆನ್ನಾಗಿ ಸಿಗುತ್ತದೆ. ಇವೆರಡರ ಬೇರಲ್ಲೂ ಗಂಟು ಕಟ್ಟುವ ಬ್ಯಾಕ್ಟೀರಿಯಾ ಇದೆ, ನಿಜವಾಗಿ ಗಾಳಿಯಿಂದ ಕೆಜಿಗಟ್ಟಲೆ ಸಾರಜನಕ ತರುವವು ಅವೇ. ಇಲ್ಲದಿದ್ದರೆ ಮಳೆಗೆ ಮೊದಲು ತೋಟದಲ್ಲಿ ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಮಾಡಿಸುತ್ತೀರಲ್ಲ, ಆಗ ಬಿದ್ದ ಹಾಲವಾಣದ ಎಳೆ ಸೊಪ್ಪನ್ನು ಗದ್ದೆಗೆ ಇಳಿಸಿ. ಬೇಗ ಕರಗುತ್ತದೆ. ಸಿಲ್ವರ್ ಓಕ್ ಎಲೆ ಮಾತ್ರ ತರಬೇಡಿ, ಅದು ಕೊಳೆಯುವುದೇ ನಿಧಾನ, ತೋಟದಲ್ಲೇ ಮುಚ್ಚಿಗೆ ಆಗಿರಲಿ. ಕಾಫಿ ಪಲ್ಪ್‌ನ ಹಸಿ ಸಿಪ್ಪೆಯೂ ನೇರ ಗದ್ದೆಗೆ ಬೇಡ, ಹುಳಿ ಜಾಸ್ತಿ. ಹುಲ್ಲಿನ ಜೊತೆ ಪದರ ಪದರವಾಗಿ ಗುಂಡಿಗೆ ಹಾಕಿ ಕೊಳೆಸಿದರೆ ಒಳ್ಳೆ ಗೊಬ್ಬರ. ಒಂದರಲ್ಲಿ ನೀರು ಜಾಸ್ತಿ, ಇನ್ನೊಂದರಲ್ಲಿ ಇಂಗಾಲ ಜಾಸ್ತಿ, ಎರಡೂ ಹೊಂದುತ್ತವೆ.

ಬೆಂಕಿ ರೋಗ ಬಂದ ಗದ್ದೆಯ ಹುಲ್ಲಿನ ಬಗ್ಗೆ ಒಂದು ಎಚ್ಚರಿಕೆ. ಆ ಶಿಲೀಂಧ್ರ ಒಣ ಹುಲ್ಲಲ್ಲಿ, ಒಣ ಕೂಳೆಯಲ್ಲಿ ಮುಂದಿನ ಬೆಳೆವರೆಗೂ ಬದುಕಿರುತ್ತದೆ. ಒದ್ದೆ ಮಣ್ಣಲ್ಲಿ ಕೊಳೆಯುವ ಹುಲ್ಲಲ್ಲಿ ಅದಕ್ಕೆ ಅಷ್ಟು ಆಯಸ್ಸಿಲ್ಲ. ಆದ್ದರಿಂದ ರೋಗದ ಹುಲ್ಲನ್ನು ಬೇಗ ಮಣ್ಣಿಗೆ ಸೇರಿಸುವುದು ಅಥವಾ ಬಿಸಿ ಏರುವ ಹಾಗೆ ಗುಂಡಿಯಲ್ಲಿ ಕೊಳೆಸುವುದು ಒಳ್ಳೆಯದು. ಅಗೆ ಮಡಿಯ ಪಕ್ಕ ಬಣವೆ ಹಾಕುವುದು, ಅಗೆಗೆ ಅದೇ ಹುಲ್ಲು ಮುಚ್ಚುವುದು ಮಾತ್ರ ಬೇಡ.

ಇಷ್ಟು ಆದ ಮೇಲೆ ನೀವು ತಂದ ಬ್ಯಾಕ್ಟೀರಿಯಾ ಪೊಟ್ಟಣಕ್ಕೆ ಬರೋಣ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪುಡಿ ರೂಪದ ಜೈವಿಕ ಗೊಬ್ಬರದಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ ಜೀವಕೋಶ ಇರಬೇಕು. ಒಂದು ಕೆಜಿಗೆ 5,000 ಕೋಟಿ. ಕೇಳಲು ದೊಡ್ಡದೇ. ಆದರೆ ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಎಂಟೊಂಬತ್ತು ಲಕ್ಷ ಕೆಜಿ ತೂಗುತ್ತದೆ. ಅದರ ಪ್ರತಿ ಗ್ರಾಂನಲ್ಲಿ ಕಡಿಮೆ ಅಂದರೂ 10 ಕೋಟಿ ಬ್ಯಾಕ್ಟೀರಿಯಾ ಇರುತ್ತವೆ ಅಂತ ಇಟ್ಟುಕೊಳ್ಳಿ. ಒಂದು ಕೆಜಿ ಪೊಟ್ಟಣದ ಒಂದೊಂದು ಜೀವಕೋಶಕ್ಕೆ ಅಲ್ಲಿ ಮೊದಲೇ ಇರುವವು ಹದಿನೈದು ಲಕ್ಷಕ್ಕೂ ಜಾಸ್ತಿ. ಹಸಿದು ಕೂತ ಸ್ಥಳೀಯರ ನಡುವೆ ಹೊಸಬರು ಉಳಿಯುವುದು ಕಷ್ಟ. ಕೆಸರಿಗೆ ಎರಚಿ, ಅದೇ ದಿನ ಮಳೆ ಬಂದು ಮೇಲಿನ ಮಡಿಯಿಂದ ಕೆಳಗಿನ ಮಡಿಗೆ, ಅಲ್ಲಿಂದ ಹೊಳೆಗೆ ಹೋದರಂತೂ ಮುಗಿಯಿತು.

ಅದಕ್ಕೇ ಎರಚುವುದಕ್ಕಿಂತ ಬೇರು ಅದ್ದುವುದು ಮೇಲು. ಎಕರೆಗೆ 400-500 ಗ್ರಾಂ ಅಜೋಸ್ಪಿರಿಲಂ, ಹದಿನೈದು ಇಪ್ಪತ್ತು ಲೀಟರ್ ನೀರು, ಅಗೆ ಕಿತ್ತು ಕಟ್ಟು ಕಟ್ಟಿದ ಮೇಲೆ ಬೇರು ಮಾತ್ರ ಮುಳುಗುವಂತೆ ಕಾಲು ಗಂಟೆಯಿಂದ ಅರ್ಧ ಗಂಟೆ. ಆಮೇಲೆ ನಾಟಿ. ನೀರಿಗೆ ಸ್ವಲ್ಪ ಸಗಣಿ ಬಗ್ಗಡ ಬೆರೆಸಿದರೆ ಬೇರಿಗೆ ಚೆನ್ನಾಗಿ ಅಂಟುತ್ತದೆ. ಬೇರು ತಾನೇ ಬಿಡುವ ಸಿಹಿಯ ಮೇಲೆ ಅದು ಬದುಕುತ್ತದೆ, ಬೇರೆಯವರಿಗಿಂತ ಮೊದಲು ಜಾಗ ಹಿಡಿಯುತ್ತದೆ. ಬ್ರೆಜಿಲ್‌ನ ವಿಜ್ಞಾನಿ ಯೋಹಾನಾ ಡೋಬರೈನರ್ 1970ರ ದಶಕದಲ್ಲಿ ಹುಲ್ಲಿನ ಜಾತಿಯ ಗಿಡಗಳ ಬೇರಲ್ಲಿ ಅಜೋಸ್ಪಿರಿಲಂ ಮಹತ್ವ ತೋರಿಸಿಕೊಟ್ಟಾಗ ಇನ್ನು ಯೂರಿಯಾವೇ ಬೇಡ ಅನ್ನುವ ಆಸೆ ಹಲವರಿಗೆ ಹುಟ್ಟಿತ್ತು. ಅಷ್ಟು ದೂರ ಅದು ಹೋಗಲಿಲ್ಲ. ಅದು ಕೊಡುವ ಸಾರಜನಕಕ್ಕಿಂತ, ಅದು ಬಿಡುವ ಹಾರ್ಮೋನಿನಿಂದ ಬೇರು ಕವಲೊಡೆದು ಹರಡುವುದೇ ದೊಡ್ಡ ಲಾಭ. ಪೊಟ್ಟಣ ನಂಬಿ ಯೂರಿಯಾ ಅರ್ಧ ಮಾಡಬೇಡಿ. ಕಾಲು ಭಾಗ ಕಡಿಮೆ ಮಾಡಿ ನೋಡಬಹುದು, ಅದೂ ಒಂದು ಮಡಿಯಲ್ಲಿ.

ಅಂಗಡಿಯವರು ಅಜೋಟೋಬ್ಯಾಕ್ಟರ್ (ಸಾರಜನಕ ಹಿಡಿಯುವ ಇನ್ನೊಂದು ಬ್ಯಾಕ್ಟೀರಿಯಾ) ಕೊಟ್ಟರೆ ಬೇಡ ಅನ್ನಿ. ಅದಕ್ಕೆ ಹುಳಿ ಮಣ್ಣು ಆಗಲ್ಲ, ಪಿಎಚ್ ಆರಕ್ಕಿಂತ ಕೆಳಗೆ ಸೊರಗುತ್ತದೆ, ಗಾಳಿಯೂ ಬೇಕು. ನಮ್ಮ ಗದ್ದೆಯಲ್ಲಿ ಎರಡೂ ಕಷ್ಟ. ಅಜೋಸ್ಪಿರಿಲಂಗೆ ಕಡಿಮೆ ಗಾಳಿಯೇ ಹಿತ.

ರಂಜಕ ಕರಗಿಸುವ ಬ್ಯಾಕ್ಟೀರಿಯಾದ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. ಅವು ಸುಣ್ಣದ ಜೊತೆ ಕಟ್ಟಿಕೊಂಡ ರಂಜಕವನ್ನು ಸಲೀಸಾಗಿ ಬಿಡಿಸುತ್ತವೆ. ನಮ್ಮಲ್ಲಿ ರಂಜಕ ಕೂತಿರುವುದು ಕಬ್ಬಿಣ, ಅಲ್ಯೂಮಿನಿಯಂ ಹಿಡಿತದಲ್ಲಿ. ಆ ಗಂಟು ಬಿಗಿ. ಆದರೆ ಗದ್ದೆಗೆ ನೀರು ಕಟ್ಟಿದರೆ ಆಗುವ ಉಪಕಾರ ಇಲ್ಲೇ ಇದೆ. ಕಬ್ಬಿಣ ಕರಗುವಾಗ ಅದು ಹಿಡಿದಿಟ್ಟ ರಂಜಕವೂ ಬಿಡುಗಡೆ ಆಗುತ್ತದೆ. ಹುಳಿ ಮಣ್ಣಿನ ಪಿಎಚ್ ಕೂಡ ಕೆಲವು ವಾರದಲ್ಲಿ ಆರೂವರೆ, ಏಳರ ಕಡೆಗೆ ಏರುತ್ತದೆ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಶ್ರೀಲಂಕಾದ ವಿಜ್ಞಾನಿ ಪೊನ್ನಂಪೆರುಮ ಇದನ್ನು ಬಿಡಿಸಿ ತೋರಿಸಿ ಐವತ್ತು ವರ್ಷ ದಾಟಿತು. ಹಾಗಾಗಿ ಕಾಫಿಗೆ ಸುಣ್ಣ ಎಷ್ಟು ಮುಖ್ಯವೋ ನೀರು ನಿಲ್ಲುವ ಗದ್ದೆಗೆ ಅಷ್ಟು ಮುಖ್ಯವಲ್ಲ. ಮಣ್ಣು ಪರೀಕ್ಷೆಯಲ್ಲಿ ಪಿಎಚ್ ತೀರಾ ಕಡಿಮೆ ಬಂದರೆ ಮಾತ್ರ ಹಾಕಿ.

ಒಂದು ಪೊಟ್ಟಣಕ್ಕೆ ಮಾತ್ರ ದುಡ್ಡು ಇದೆ ಅಂದರೆ ನಾನು ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಅನ್ನುವ ಬ್ಯಾಕ್ಟೀರಿಯಾ ತರಿಸುತ್ತೇನೆ. ಬೆಂಕಿ ರೋಗದ ಮೇಲೆ ಅದಕ್ಕೆ ಹಿಡಿತ ಇದೆ. ಬೀಜಕ್ಕೆ ಕೆಜಿಗೆ 10 ಗ್ರಾಂ, ಆಮೇಲೆ ಅಗೆಯ ಬೇರಿಗೆ ಎಕರೆಗೆ ಒಂದು ಕೆಜಿ ಲೆಕ್ಕದಲ್ಲಿ. ಅಜೋಸ್ಪಿರಿಲಂ ಜೊತೆಯಲ್ಲೇ ಅದ್ದಬಹುದು. ಮೈಲುತುತ್ತು, ತಾಮ್ರದ ಔಷಧಿ ಹೊಡೆದ ಅದೇ ಪಾತ್ರೆಯಲ್ಲಿ ಕಲಸಬೇಡಿ, ರಸಗೊಬ್ಬರದ ಜೊತೆ ಬೆರೆಸಬೇಡಿ. ತಯಾರಾದ ತಾರೀಕು ನೋಡಿ. ಪುಡಿಯಾದರೆ ಆರು ತಿಂಗಳೊಳಗಿನದ್ದು ಇರಲಿ. ಅಂಗಡಿಯ ಕಿಟಕಿಯಲ್ಲಿ ಬಿಸಿಲಿಗೆ ಕೂತಿದ್ದ ಪೊಟ್ಟಣ ತಂದರೆ ಅದರಲ್ಲಿ ಉಳಿದಿರುವುದು ಬರೀ ಇದ್ದಿಲ ಪುಡಿ.

ನೀವು ಕೇಳದಿದ್ದರೂ ಯಾರಾದರೂ ಹೇಳಿಯೇ ಹೇಳುತ್ತಾರೆ: ನೀಲಿ-ಹಸಿರು ಪಾಚಿ ಮತ್ತು ಅಜೋಲ್ಲಾ ಅನ್ನುವ ತೇಲುವ ಜರಿಗಿಡ. ಭತ್ತದ ಗದ್ದೆಯ ಪಾಚಿ ಸಾರಜನಕ ಹಿಡಿಯುತ್ತದೆ ಅಂತ 1939ರಲ್ಲೇ ನಮ್ಮ ವಿಜ್ಞಾನಿ ಪಿ.ಕೆ. ಡೇ ತೋರಿಸಿದ್ದರು. ವಿಜ್ಞಾನದಲ್ಲಿ ಕೊರತೆ ಇಲ್ಲ. ಆದರೆ ಪಾಚಿಗೆ ಬಿಸಿಲು ಬೇಕು, ಹುಳಿ ಇಲ್ಲದ ನೀರು ಬೇಕು. ಜುಲೈನಲ್ಲಿ ನಾಪೋಕ್ಲಿನಲ್ಲಿ ಸೂರ್ಯನನ್ನು ಎಲ್ಲಿಂದ ತರುತ್ತೀರಿ? ಅಜೋಲ್ಲಾಕ್ಕೆ ತಂಪು ಇಷ್ಟ, ಮೋಡವೂ ಆಗುತ್ತದೆ. ಆದರೆ ಮಡಿಯಿಂದ ಮಡಿಗೆ ಹರಿಯುವ ನೀರಲ್ಲಿ ಅದು ನಿಲ್ಲುವುದಿಲ್ಲ, ತೇಲಿ ಹೋಗುತ್ತದೆ. ತೊಟ್ಟಿಯಲ್ಲಿ ಬೆಳೆಸಿ ಹಸುವಿಗೆ ಹಾಕಿ, ಅದಕ್ಕೆ ಒಳ್ಳೆಯದು.

ಶುಂಠಿಯವರಿಗೆ ಹುಲ್ಲು ಮಾರುವ ವಿಷಯ. ಬೆಲೆ ಚೆನ್ನಾಗಿ ಸಿಕ್ಕಿದರೆ ಕೆಳಗಿನ ಮಡಿಯ ಹುಲ್ಲು ಕೊಡಿ, ಅಲ್ಲಿ ಹೇಗೂ ಅದು ಬೇಡ. ಮೇಲಿನ ಮಡಿಗಳದ್ದು ಕೊಡುವುದಾದರೆ ಎಕರೆಗೆ ಒಂದು ಚೀಲ ಪೊಟ್ಯಾಷ್‌ನ ದುಡ್ಡು ಮೊದಲು ಪಕ್ಕಕ್ಕಿಟ್ಟು ಉಳಿದದ್ದನ್ನು ಲಾಭ ಅಂತ ಎಣಿಸಿ. ಬಣವೆ ಮಾಡಿ ಮಳೆಗಾಲಕ್ಕೆ ಇಡುವುದಾದರೆ ಮೇಲೆ ಹೊದಿಕೆ ಹಾಕಿ. ನೆನೆದ ಬಣವೆಯ ಬುಡದಿಂದ ಚಹಾ ಬಣ್ಣದ ನೀರು ಸೋರುತ್ತದಲ್ಲ, ಪೊಟ್ಯಾಷ್ ಅದರಲ್ಲೇ ಹೋಗುವುದು.

ಶುಂಠಿಗೆ ಗದ್ದೆಯನ್ನೇ ಗುತ್ತಿಗೆ ಕೊಡುವ ಯೋಚನೆ ಇದ್ದರೆ ಅದು ಬೇರೆ ಚರ್ಚೆ, ಮಣ್ಣಿನ ದೃಷ್ಟಿಯಿಂದ ನನ್ನ ಉತ್ತರ ಬೇಡ ಅಂತಲೇ.

ಈ ಸಲಕ್ಕೆ ಮಾಡಬೇಕಾದದ್ದು ಇಷ್ಟು. ಕೊಯ್ಲಿಗೆ ಹತ್ತು ಹದಿನೈದು ದಿನ ಮೊದಲೇ ನೀರು ಪೂರ್ತಿ ಬಿಡಿ. ಇಲ್ಲದಿದ್ದರೆ ಮಿಷನ್‌ನ ಪಟ್ಟಿ ಮಣ್ಣನ್ನು ಒತ್ತಿ ಬೇಸಿಗೆಯ ಟಿಲ್ಲರ್ ಕೆಲಸ ಕೆಡುತ್ತದೆ. ಮಿಷನ್ ಗೊತ್ತು ಮಾಡುವಾಗಲೇ ಕೂಳೆ ಗೇಣಿಗಿಂತ ಎತ್ತರ ಬಿಡಬೇಡಿ ಅಂತ ಹೇಳಿ. ಹಿಂದೆ ಹುಲ್ಲು ಕತ್ತರಿಸಿ ಹರಡುವ ಚಾಪರ್ ಇರುವ ಮಿಷನ್ ಸಿಕ್ಕಿದರೆ ಗಂಟೆಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ, ಹರಡುವ ಆಳಿನ ಕೂಲಿ ಉಳಿಯುತ್ತದೆ. ಟಿಲ್ಲರ್‌ನವರಿಗೆ ಈಗಲೇ ಹೇಳಿಟ್ಟುಕೊಳ್ಳಿ, ಅವರೂ ಕಾಫಿ ಕುಯ್ಲಿಗೆ ಹೋಗಿಬಿಟ್ಟರೆ ಸಿಗುವುದಿಲ್ಲ. ಕೊಯ್ಲಾದ ಮೇಲೆ, ಗೊಬ್ಬರ ಏನೂ ಹಾಕುವ ಮೊದಲು, ಮೇಲಿನ ಮಡಿಯದ್ದು ಒಂದು, ಕೆಳಗಿನ ಮಡಿಯದ್ದು ಒಂದು, ಹೀಗೆ ಬೇರೆ ಬೇರೆಯಾಗಿ ಮಣ್ಣು ತೆಗೆದು ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೋ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಕೊಡಿ. ಎರಡನ್ನೂ ಬೆರೆಸಿ ಒಂದೇ ಮಾದರಿ ಮಾಡಬೇಡಿ. ಬರುವ ಜುಲೈನಲ್ಲಿ ಬೇರು ಅದ್ದಿ ನಾಟಿ ಮಾಡುವಾಗ ಒಂದು ಮಡಿಯನ್ನು ಅದ್ದದೆ ಬಿಟ್ಟು, ಬದುವಿಗೆ ಒಂದು ಗೂಟ ಹೊಡೆದಿಡಿ. ಆ ಮಡಿಯ ಭತ್ತವನ್ನು ಬೇರೆ ಅಳೆದರೆ ಪೊಟ್ಟಣ ಮತ್ತೆ ತರಬೇಕೋ ಬೇಡವೋ ಅನ್ನುವುದು ನಿಮಗೇ ಗೊತ್ತಾಗುತ್ತದೆ.